ಗೌಜಲ ಮರಿಗಳ ಸುರಕ್ಷಿತ ಸಾಗಾಣಿಕೆ

ಹೂವಿನ ಹಿಪ್ಪರಗಿಯಂಥ ಊರಿಗೆ ದೂರದ ಹ್ಯಾಚರಿಯಿಂದ ಜಪಾನಿ ಗೌಜಲ ಮರಿಗಳನ್ನು ತರಿಸುವಾಗ ದಾರಿಯಲ್ಲಿ ಕೆಲವು ಸತ್ತರೆ, ಹಸಿವಿನಿಂದ ಸತ್ತವೆಂದು ರೈತರು ತಿಳಿಯುವುದುಂಟು. ಇದು ಸರಿಯಲ್ಲ. ಮೊಟ್ಟೆಯ ಹಳದಿ ಭಾಗವು ಹುಟ್ಟುವ ಮೊದಲೇ ಮರಿಯ ಹೊಟ್ಟೆ ಸೇರಿರುವುದರಿಂದ ಮೊದಲ ದಿನ ಆಹಾರವಿಲ್ಲದಿದ್ದರೂ ನಡೆಯುತ್ತದೆ. ಮರಿಗಳನ್ನು ಕೊಲ್ಲುವುದು ಸೆಕೆ ಮತ್ತು ಗಾಳಿಯ ಕೊರತೆ.

ಗೌಜಲ ಮರಿಯ ತೂಕ ಸುಮಾರು 8 ಗ್ರಾಂ ಮಾತ್ರ. ನುಣುಪಾದ ತಳದಲ್ಲಿ ಕಾಲು ಜಾರಿ ಕುಂಟಾಗುತ್ತವೆ. ಆದುದರಿಂದ ರಟ್ಟಿನ ಪೆಟ್ಟಿಗೆಯ ತಳಕ್ಕೆ ಗೋಣಿತಟ್ಟು ಹಾಸಿರಿ. ಒಂದೇ ಮೂಲೆಗೆ ನುಗ್ಗಿ ಉಸಿರುಕಟ್ಟದಂತೆ ಒಳಗೆ ನಾಲ್ಕು ಭಾಗ ಮಾಡಿರಿ. ಎಲ್ಲ ಬದಿಗೂ ರಂಧ್ರಗಳಿರಲಿ. ಆದರೆ ಮರಿಯ ತಲೆ ತೂರಬಾರದು.

ಬೇಸಿಗೆಯಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ರಾತ್ರಿ ಹೊರಟು ಬೆಳಿಗ್ಗೆ ಮುಟ್ಟುವಂತೆ ಏರ್ಪಾಡು ಮಾಡಿಕೊಳ್ಳಿರಿ. ಪೆಟ್ಟಿಗೆಯನ್ನು ಬಸ್ಸಿನ ಮೇಲಾಗಲಿ, ಎಂಜಿನ್ ಪಕ್ಕದಲ್ಲಾಗಲಿ ಇಡಬೇಡಿರಿ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಅದನ್ನು ಬಿಸಿಲಲ್ಲಿ ಬಿಟ್ಟು ಚಹಾ ಕುಡಿಯಲು ಹೋದರೆ ರಾತ್ರಿಯೆಲ್ಲ ಪಟ್ಟ ಶ್ರಮ ಅಲ್ಲಿಗೇ ಮುಗಿಯಿತು! ಮರಿಗಳು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ ಹೆಚ್ಚಾಗಿದೆ. ಗುಂಪುಗೂಡಿ ಜೋರಾಗಿ ಚೀರಿದರೆ ಚಳಿಯಾಗಿದೆ ಎಂದು ತಿಳಿಯಿರಿ.

ಕಾಡಿನ ಗೌಜಲನ್ನು ಹಿಡಿದು ಸಾಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಆದುದರಿಂದ ಹ್ಯಾಚರಿಯ ರಸೀದಿ ಜೊತೆಗಿರಲಿ.

ಮರಿಗಳು ಬರುವ ಮೊದಲೇ ಬ್ರೂಡರ್ ಬೆಚ್ಚಗಾಗಿರಬೇಕು. ಬಂದೊಡನೆ ಮೊದಲು ನೀರು, ನಂತರ ಆಹಾರ ಕೊಡಿರಿ. ನೀರಿನ ತಟ್ಟೆಯಲ್ಲಿ ತೊಳೆದ ಸಣ್ಣ ಹರಳುಗಳನ್ನು ತುಂಬಿರಿ. ಇಲ್ಲವಾದರೆ ಇಷ್ಟು ದೂರ ಬದುಕಿ ಬಂದ ಮರಿ ಅಂಗುಲ ನೀರಿನಲ್ಲಿ ಮುಳುಗಿ ಸಾಯುತ್ತದೆ.