ಸ್ವಂತ ಸರ್ವರ್‌ನ ಇ-ಮೇಲ್‌ಗೆ ದೃಢೀಕರಣ

ಶಹಾಪುರದ ಸೀರೆ ಉದ್ದಿಮೆದಾರರು ಸ್ವಂತ ಸರ್ವರ್‌ನಿಂದ ಕಳುಹಿಸಿದ ಇನ್‌ವಾಯ್ಸ್ ಗ್ರಾಹಕರ ‘ಸ್ಪ್ಯಾಮ್’ ಪೆಟ್ಟಿಗೆ ಸೇರಿದರೆ ವಸೂಲಿ ತಡವಾಗುತ್ತದೆ. ಅವರದೇ ಹೆಸರಿನಲ್ಲಿ ವಂಚಕನೊಬ್ಬ ಬೇರೆ ಬ್ಯಾಂಕ್ ಖಾತೆಯ ಸಂಖ್ಯೆ ಕಳುಹಿಸಿದರೆ ಹಣವೇ ಕೈತಪ್ಪುತ್ತದೆ. ಇದನ್ನು ತಡೆಯಲು ಡೊಮೇನ್‌ನ ನೋಂದಣಿ ಪುಸ್ತಕದಂತಿರುವ ಡಿಎನ್‌ಎಸ್‌ನಲ್ಲಿ ಮೂರು ದಾಖಲೆಗಳನ್ನು ನಮೂದಿಸಬೇಕು.

1. ಎಸ್‌ಪಿಎಫ್: ಈ ಹೆಸರಿನಲ್ಲಿ ಪತ್ರ ಕಳುಹಿಸಲು ಅಧಿಕಾರವುಳ್ಳ ಸರ್ವರ್‌ಗಳ ಪಟ್ಟಿ. ಚೆಕ್ಕಿಗೆ ಸಹಿ ಹಾಕುವವರ ಹೆಸರನ್ನು ಬ್ಯಾಂಕಿಗೆ ಕೊಟ್ಟಂತೆ. ಲೆಕ್ಕಪತ್ರದ ತಂತ್ರಾಂಶವು ಬೇರೆ ಸರ್ವರ್‌ನಿಂದ ಪತ್ರ ಕಳುಹಿಸುತ್ತಿದ್ದರೆ ಅದನ್ನೂ ಸೇರಿಸಬೇಕು.

2. ಡಿಕಿಮ್: ಸರ್ವರ್ ತನ್ನ ಗುಪ್ತ ಕೀಲಿಯಿಂದ ಪ್ರತಿ ಪತ್ರಕ್ಕೂ ಅಂಕಿತ ಹಾಕುತ್ತದೆ, ಡಿಎನ್‌ಎಸ್‌ನಲ್ಲಿರುವ ಬಹಿರಂಗ ಕೀಲಿಯಿಂದ ಸ್ವೀಕರಿಸುವ ಸರ್ವರ್ ಅದನ್ನು ತಾಳೆ ನೋಡುತ್ತದೆ. ಗುಪ್ತ ಕೀಲಿಯನ್ನು ಚೆಕ್ ಪುಸ್ತಕದಷ್ಟೇ ಜೋಪಾನವಾಗಿಡಬೇಕು.

3. ಡಿಮಾರ್ಕ್: ಕಳುಹಿಸಿದವರೆಂದು ಕಾಣುವ ಡೊಮೇನ್ ಮೇಲಿನ ಎರಡರಲ್ಲಿ ಒಂದಕ್ಕೂ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂಬ ಸೂಚನೆ. ಮೊದಲು ‘ನನ್’ ಎಂದಿಟ್ಟು ವರದಿಗಳನ್ನು ಪರಿಶೀಲಿಸಿ, ಬಳಿಕ ‘ಕ್ವಾರಂಟೈನ್’, ಕೊನೆಗೆ ‘ರಿಜೆಕ್ಟ್’ ಮಾಡುವುದು ಕ್ಷೇಮ.

ಐಪಿ ವಿಳಾಸ ಒದಗಿಸಿದ ಸಂಸ್ಥೆಯಿಂದ ಹಿಮ್ಮುಖ ಡಿಎನ್‌ಎಸ್ ದಾಖಲೆಯನ್ನೂ ಮಾಡಿಸಿಕೊಳ್ಳಬೇಕು. 2024ರ ಫೆಬ್ರುವರಿಯಿಂದ ಜಿಮೇಲ್ ಪ್ರತಿಯೊಬ್ಬರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಅನ್ನು, ದಿನಕ್ಕೆ 5000ಕ್ಕೂ ಮಿಕ್ಕಿ ಪತ್ರ ಕಳುಹಿಸುವವರಿಗೆ ಮೂರನ್ನೂ ಕಡ್ಡಾಯಗೊಳಿಸಿದೆ.

ಆದರೆ ಒಂದಕ್ಷರ ಬದಲಿಸಿದ ಡೊಮೇನ್‌ನಿಂದ ಬರುವ ಮೋಸವನ್ನು ಈ ಮೂರೂ ತಡೆಯಲಾರವು. ಖಾತೆ ಬದಲಾವಣೆಯ ಪತ್ರ ಬಂದಾಗ, ಮೊದಲೇ ಗೊತ್ತಿರುವ ಸಂಖ್ಯೆಗೆ ದೂರವಾಣಿ ಮಾಡಿ ಖಚಿತಪಡಿಸಿಕೊಂಡೇ ಹಣ ಪಾವತಿಸತಕ್ಕದ್ದು.