ಜಿಪ್ಸಿಗೆ ಹಣ ಹಾಕುವುದು ನೆಲದಿಂದ ಮೇಲಕ್ಕೆ

2023ರ ಜೂನ್‌ನಲ್ಲಿ ಐದು ಬಾಗಿಲಿನ ಮಾರುತಿ ಜಿಮ್ನಿ ಬಂದಾಗ ಅದರ ಆರಂಭದ ಶೋರೂಂ ಬೆಲೆ 12.74 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ 17, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಕೂಡಿಸಿದರೆ ತೆರಿಗೆಯ ಬಾಬ್ತೇ ಸುಮಾರು 2.40 ಲಕ್ಷ. ನನ್ನ 2003ರ ಜಿಪ್ಸಿಗೆ ನಾನು ಕೊಟ್ಟ ಪೂರ್ತಿ ಬೆಲೆ 2.85 ಲಕ್ಷ. ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೊಳ್ಳಲೇ ಎಂದು ಕೇಳುವವರ ಮುಂದೆ ಮೊದಲು ಈ ಎರಡು ಅಂಕಿ ಇಡುತ್ತೇನೆ. ಇದರಲ್ಲಿ ಆಸೆಯೂ ಇದೆ, ಅಪಾಯವೂ ಇದೆ. ಕೊಳ್ಳುವಾಗ ಉಳಿದ ಹಣ ಜೇಬಿನಲ್ಲೇ ಇದೆಯಲ್ಲ ಎಂಬ ಧೈರ್ಯದಲ್ಲಿ ಗಾಡಿಗೆ ಕಂಡದ್ದನ್ನೆಲ್ಲ ಜೋಡಿಸುತ್ತ ಹೋದರೆ, ಎರಡು ವರ್ಷದಲ್ಲಿ ಹೊಸ ಗಾಡಿಯ ಬೆಲೆ ಮುಟ್ಟುತ್ತದೆ. ಆಗಲೂ ಕೈಯಲ್ಲಿರುವುದು ಹಳೆಯ ಗಾಡಿಯೇ.

ಜಿಪ್ಸಿ ನಮ್ಮ ದೇಶದ ರಸ್ತೆಗೆ ಬಂದದ್ದು 1985ರ ಡಿಸೆಂಬರಿನಲ್ಲಿ, 970 ಸಿಸಿ ಎಂಜಿನ್ ಹೊತ್ತು. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು, 2000ದಲ್ಲಿ ಎಂಪಿಎಫ್‌ಐ ಎಂಜಿನ್ ಬಂದು ಶಕ್ತಿ 80 ಬಿಎಚ್‌ಪಿಗೆ ಏರಿತು. ಜನರಿಗೆ ಮಾರುವುದು 2019ರ ಹೊತ್ತಿಗೆ ನಿಂತಿತು. ತೂಕ ಒಂದು ಟನ್ ಆಸುಪಾಸು, ಮುಂದೂ ಹಿಂದೂ ಲೀಫ್ ಸ್ಪ್ರಿಂಗ್, ಲೋ ರೇಂಜ್‌ಗೆ ಬೇರೆಯೇ ಲಿವರ್. ಪವರ್ ಸ್ಟೀರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಈ ಮೂರು ಇಲ್ಲಗಳನ್ನು ಮನೆಯವರ ಜೊತೆ ಕೂತು ಮಾತಾಡಿಯೇ ಕೊಳ್ಳಬೇಕು. ಹೆದ್ದಾರಿ ಬಿಟ್ಟು ಹೊರಗೆ ಹೋಗಲೆಂದೇ ಇರುವ ಗಾಡಿ ಇದು. ಬೆಂಗಳೂರಿಗೆ ದಿನಾ ಹೋಗಿಬರಲು ನಾನಿದನ್ನು ಯಾರಿಗೂ ಹೇಳುವುದಿಲ್ಲ.

ಎಲ್ಲಿಯ ಗಾಡಿ ಕೊಳ್ಳಬೇಕು ಎಂಬುದರಲ್ಲೇ ಅರ್ಧ ಲೆಕ್ಕ ಮುಗಿಯುತ್ತದೆ. ದೆಹಲಿಯಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಅಗ್ಗದ ಜಿಪ್ಸಿಗಳು ದಕ್ಷಿಣಕ್ಕೆ ಹರಿದು ಬಂದವು. ಆದರೆ ಹೊರರಾಜ್ಯದ ಗಾಡಿಗೆ ಎನ್‌ಒಸಿ, ಲಾರಿ ಬಾಡಿಗೆ, ಗಾಡಿಯ ವಯಸ್ಸಿಗೆ ತಕ್ಕ ಆಜೀವ ತೆರಿಗೆ ಎಲ್ಲ ಸೇರಿದರೆ ಅಗ್ಗ ಎಂಬುದು ಕರಗಿಹೋಗುತ್ತದೆ. ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿದ ಜಿಪ್ಸಿಗಳೂ ಸಿಗುತ್ತವೆ. ನೋಡಲು ಚೆಂದ, ಅಡಿಯಲ್ಲಿ ಮಳೆ ತಿಂದಿರುತ್ತದೆ. ನಮ್ಮ ಕೋಲಾರದ ಒಣ ಹವೆಯಲ್ಲಿ ಬಾಳಿದ, ಕೆಎ 07 ನಂಬರಿನ ಗಾಡಿಗೆ ಮೂವತ್ತು ನಲವತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎಂದು ನಾನು ನಂಬಿ ಕೊಂಡೆ. ಚಾಸಿಯ ತುಕ್ಕು ಕೆರೆದು ವೆಲ್ಡಿಂಗ್ ಮಾಡಿಸುವ ಖರ್ಚು ಅದಕ್ಕಿಂತ ಬಹಳ ದೊಡ್ಡದು.

ಮುಳಬಾಗಿಲಿನಲ್ಲಿ ನನ್ನ ಗಾಡಿ ನೋಡುವ ಮೇಸ್ತ್ರಿ ಹಳಬರು. ಕೊಳ್ಳುವ ಮುಂಚೆ ಜೊತೆಗೆ ಕರೆದುಕೊಂಡು ಹೋಗಿದ್ದೆ. ಬಾನೆಟ್ ಎತ್ತಲು ಹೋದವನನ್ನು ತಡೆದು, "ಸಾರ್, ಮೊದಲು ಅಡಿಯಲ್ಲಿ ಮಲಗಿ ನೋಡಿ. ಎಂಜಿನ್ ಯಾವಾಗ ಬೇಕಾದ್ರೂ ಬಿಚ್ಚಬಹುದು" ಎಂದರು. ಅವರು ಟಾರ್ಚ್ ಹಿಡಿದು ತೋರಿಸಿದ್ದು ನಾಲ್ಕು ಜಾಗ: ಸ್ಪ್ರಿಂಗ್ ಕೂರುವ ಕಡೆ ಚಾಸಿಗೆ ಬಿರುಕು ಬಿಟ್ಟಿದೆಯೇ, ಮುಂದಿನ ಚಕ್ರಗಳ ನಕಲ್‌ನಿಂದ ಗ್ರೀಸು ಸೋರುತ್ತಿದೆಯೇ, ಫ್ರೀ ವೀಲ್ ಹಬ್ ಎರಡೂ ಕಡೆ ಹಿಡಿಯುತ್ತಿವೆಯೇ, ಫೋರ್ ಎಲ್‌ಗೆ ಹಾಕಿದಾಗ ಲಿವರ್ ಜಾರಿ ಹೊರಗೆ ಬರುತ್ತಿದೆಯೇ. ಕಿಂಗ್‌ಪಿನ್ ಬೇರಿಂಗ್ ಸವೆದಿದ್ದರೆ ಐವತ್ತು ಅರವತ್ತರ ವೇಗದಲ್ಲಿ ಹೊಂಡ ಸಿಕ್ಕಾಗ ಸ್ಟೀರಿಂಗ್ ಕೈ ಬಿಡಿಸುವಷ್ಟು ನಡುಗುತ್ತದೆ. ಇದು ಈ ಗಾಡಿಗಳ ಹಳೆಯ ಕಾಯಿಲೆ. ಬೇರಿಂಗಿನ ಬೆಲೆ ಕಡಿಮೆ, ಕೂಲಿಯೇ ಹೆಚ್ಚು.

ನಾನು ಇಟ್ಟುಕೊಂಡ ನಿಯಮ ಒಂದೇ. ಹಣ ನೆಲದಿಂದ ಮೇಲಕ್ಕೆ ಹೋಗಬೇಕು. ಮೊದಲು ಟೈರು, ಆಮೇಲೆ ಬ್ರೇಕು ಮತ್ತು ಸ್ಟೀರಿಂಗು, ಆಮೇಲೆ ಸ್ಪ್ರಿಂಗು, ಆಮೇಲೆ ವೈರಿಂಗು. ಬಾನೆಟ್ಟಿನ ಎತ್ತರಕ್ಕಿಂತ ಮೇಲೆ ಜೋಡಿಸುವ ಯಾವುದಕ್ಕೂ, ಅಂದರೆ ಛಾವಣಿಯ ಕ್ಯಾರಿಯರ್, ಸಾಲು ದೀಪ, ಸ್ನಾರ್ಕೆಲ್ ಇವಕ್ಕೆ, ಮೊದಲ ಎರಡು ವರ್ಷ ಒಂದು ರೂಪಾಯಿಯನ್ನೂ ಕೊಡಬಾರದು.

ಇದಕ್ಕೆ ನಮ್ಮ ನೆಲವೇ ಕಾರಣ. ಸ್ನಾರ್ಕೆಲ್ ಎಂದರೆ ಎಂಜಿನ್ ಉಸಿರಾಡುವ ಕೊಳವೆಯನ್ನು ಛಾವಣಿಯವರೆಗೆ ಏರಿಸುವುದು. ಆಳದ ಹೊಳೆ ದಾಟುವವರಿಗೆ ಬೇಕು. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯೇ ಇಲ್ಲ. ಪಾಲಾರ್ ವರ್ಷದ ಬಹುಕಾಲ ಮರಳಿನ ಗೆರೆಯಾಗಿ ಮಲಗಿರುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದು ಕೆರೆಗಳು ತುಂಬಿದವು. ಆದರೆ ಕೆರೆ ಇರುವುದು ಊರಿಗೆ, ಗಾಡಿ ಇಳಿಸುವುದಕ್ಕಲ್ಲ. ಇಲ್ಲಿ ಸಿಗುವುದು ಬಂಡೆ, ಮೊರಂ, ಮಳೆ ಕೊರೆದ ಕೊರಕಲು, ಬಳ್ಳಾರಿ ಜಾಲಿಯ ಮುಳ್ಳು. ತೇಕಲ್ ಕಡೆಯ ಬಂಡೆಗುಡ್ಡಗಳ ಸುತ್ತಲಿನ ಬಂಡಿ ಜಾಡು, ಆವಣಿಯಿಂದ ಕುರುಡುಮಲೆಗೆ ಹೊಲಗಳ ನಡುವೆ ಹೋಗುವ ದಾರಿ, ಶ್ರೀನಿವಾಸಪುರದಿಂದ ರಾಯಲ್ಪಾಡು ದಾಟಿ ಆಂಧ್ರದ ಗಡಿಯವರೆಗಿನ ಮಾವಿನ ತೋಪುಗಳ ಮಣ್ಣುಹಾದಿ, ಮಾಲೂರಿನ ಹೆಂಚು ಇಟ್ಟಿಗೆ ಕಾರ್ಖಾನೆಗಳಿಗೆ ಮಣ್ಣು ತೆಗೆದ ಹಳ್ಳಗಳ ಪಕ್ಕದ ಜಾಡು: ಇವೇ ನನ್ನ ಪ್ರವಾಸಗಳು. ಇಲ್ಲಿ ಗಾಡಿಯನ್ನು ಕಾಯುವುದು ಟೈರಿನ ಪಕ್ಕದ ಗೋಡೆ ಮತ್ತು ಲೋ ರೇಂಜ್. ಕೆಸರಿನ ದಪ್ಪ ಹಲ್ಲಿನ ಮಡ್ ಟೈರು ನಮ್ಮ ಬಂಡೆಯ ಮೇಲೆ ಬೇಗ ಸವೆಯುತ್ತದೆ, ಡಾಂಬರಿನ ಮೇಲೆ ಕೂಗುತ್ತದೆ, ಪೆಟ್ರೋಲ್ ಕುಡಿಯುತ್ತದೆ. ನಾನು ಹಾಕಿಸಿದ್ದು ಆಲ್ ಟೆರೇನ್ ಟೈರು, ಅದೂ ಕಂಪನಿ ಕೊಟ್ಟ 205/70 ಆರ್15 ಅಳತೆಯಲ್ಲೇ. ಸ್ಟೆಪ್ನಿ ಸೇರಿ ಐದಕ್ಕೆ 35,000 ಆಯಿತು.

ದೊಡ್ಡ ಟೈರು ಯಾಕೆ ಹಾಕಿಸಲಿಲ್ಲ ಎಂದು ಗೆಳೆಯರು ಕೇಳುತ್ತಲೇ ಇರುತ್ತಾರೆ. 80 ಬಿಎಚ್‌ಪಿಯ ಎಂಜಿನ್ನಿಗೆ ದೊಡ್ಡ ಚಕ್ರ ಕಟ್ಟಿದರೆ ಏರು ಹತ್ತುವ ಶಕ್ತಿ ಕುಗ್ಗುತ್ತದೆ. ಅದನ್ನು ಸರಿಮಾಡಲು ಡಿಫರೆನ್ಷಿಯಲ್‌ನ ಹಲ್ಲು ಬದಲಿಸಬೇಕು. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ತೋಳು ಸೋಲುತ್ತದೆ, ಆಮೇಲೆ ಅದಕ್ಕೊಂದು ಕಿಟ್. ಒಂದು ಖರ್ಚು ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ. ಇದಕ್ಕೆ ಬದಲು ಬಂಡೆಯ ದಾರಿಯಲ್ಲಿ ಟೈರಿನ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿ ನೋಡಿ. ಟೈರು ನೆಲವನ್ನು ಅಗಲವಾಗಿ ಹಿಡಿಯುತ್ತದೆ, ಸಡಿಲ ಕಲ್ಲಿನ ಮೇಲೆ ಜಾರುವುದು ಕಡಿಮೆಯಾಗುತ್ತದೆ. ಡಾಂಬರು ಮುಟ್ಟುವ ಮುಂಚೆ ಮತ್ತೆ ಗಾಳಿ ತುಂಬಲು ಬ್ಯಾಟರಿಗೆ ಸಿಕ್ಕಿಸುವ ಪಂಪು ಎರಡೂವರೆ ಸಾವಿರಕ್ಕೆ ಬಂತು, ಮುಳ್ಳಿಗೆಂದು ಪಂಕ್ಚರ್ ಕಿಟ್ ಐನೂರಕ್ಕೆ. ನಾನು ಕೊಟ್ಟ ಹಣದಲ್ಲಿ ಇವೆರಡರಷ್ಟು ದುಡಿದದ್ದು ಬೇರೊಂದಿಲ್ಲ.

ವಿಂಚ್ ವಿಷಯವೂ ಹಾಗೆಯೇ. ಮೂವತ್ತು ನಲವತ್ತು ಸಾವಿರದ ವಿಂಚ್ ಮೂತಿಗೆ ಭಾರ, ಬ್ಯಾಟರಿಗೂ ಭಾರ. ನಮ್ಮ ಕಡೆ ಯಾವ ಹಳ್ಳಿಯ ಪಕ್ಕ ಸಿಕ್ಕಿಕೊಂಡರೂ ಟ್ರ್ಯಾಕ್ಟರ್ ಇದ್ದೇ ಇರುತ್ತದೆ. "ಅಣ್ಣಾ, ಸ್ವಲ್ಪ ಎಳೆದು ಕೊಡ್ತೀರಾ" ಎಂದರೆ ಬರುತ್ತಾರೆ. ಡೀಸೆಲ್ ದುಡ್ಡು ಬೇಡವೆಂದರೂ ಕೊಟ್ಟು ಬರಬೇಕು. ನನ್ನ ಬಳಿ ಇರುವುದು ಒಳ್ಳೆಯ ಎಳೆಯುವ ಪಟ್ಟಿ, ಎರಡು ಶ್ಯಾಕಲ್, ಸಲಿಕೆ. ಜೊತೆಗೆ ಇನ್ನೊಂದು ಗಾಡಿ ಇಲ್ಲದೆ ಊರಿಂದ ದೂರ ಹೋಗುವುದಿಲ್ಲ.

ಈಗ ಕಾನೂನು. ಇದನ್ನು ಖರ್ಚಿನ ಪಟ್ಟಿಯಲ್ಲಿ ಸೇರಿಸದವರೇ ಹೆಚ್ಚು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್‌ನಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಮುಂದಿನ ಕಬ್ಬಿಣದ ಗಾರ್ಡುಗಳನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಬೇಡವೆಂದಿದೆ. ಪಾದಚಾರಿಗೆ ಬಡಿದಾಗ ಪ್ರಾಣ ತೆಗೆಯುವುದು ಆ ಕಬ್ಬಿಣವೇ. ಹಾಗಾಗಿ ಸ್ಪ್ರಿಂಗ್ ಪಟ್ಟಿಗಳನ್ನು ಎತ್ತರಿಸುವ ಕಿಟ್ ನಾನು ಹಾಕಿಸಲಿಲ್ಲ. ಕೂತುಹೋಗಿದ್ದ ಪಟ್ಟಿಗಳ ಬದಲು ಹೊಸವು, ಬುಷ್, ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಗಾಡಿ ತನ್ನ ಹುಟ್ಟು ಎತ್ತರಕ್ಕೆ ಬಂತು; ಅಷ್ಟಕ್ಕೇ ನಮ್ಮ ಕೊರಕಲುಗಳು ದಾಟುತ್ತವೆ. ಇದಕ್ಕೆ 38,000.

ಬ್ರೇಕು, ಸ್ಟೀರಿಂಗು, ನಕಲ್ ಸೀಲು, ರೇಡಿಯೇಟರ್, ಪೆಟ್ರೋಲಿನ ರಬ್ಬರ್ ಪೈಪುಗಳು ಸೇರಿ 46,000. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್; ಅದಕ್ಕೆಂದು ಮಾಡದ ಹಳೆಯ ರಬ್ಬರು ಬೇಗ ಹಾಳಾಗಬಹುದಾದ್ದರಿಂದ ಪೈಪುಗಳನ್ನು ಬದಲಿಸುವುದು ಮೊದಲ ವಾರದ ಕೆಲಸ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಒಂದು ಸಲ ಪಟ್ಟಿ ಹಿಡಿದು ಹೋಗಿ ಎಲ್ಲವನ್ನೂ ತಂದೆ. ವೈರಿಂಗಿಗೆ 11,000, ಕಾಗದಪತ್ರಕ್ಕೆ 14,000. ಪಂಪು, ಪಂಕ್ಚರ್ ಕಿಟ್‌ನಂಥ ಚಿಲ್ಲರೆ ಬಿಟ್ಟು, ಗಾಡಿಯ ಬೆಲೆ ಸೇರಿ ಒಟ್ಟು 4.29 ಲಕ್ಷ. ನಾಳೆ ಮಾರಿದರೆ ಮೂರು, ಮೂರೂಕಾಲು ಲಕ್ಷ ಸಿಗಬಹುದು. ನಡುವಿನ ಲಕ್ಷ ರೂಪಾಯಿ ಖರ್ಚಾಗಿ ಹೋದ ಹಣ. ಅದನ್ನು ಹೂಡಿಕೆ ಎಂದು ಕರೆದುಕೊಂಡು ಮನಸ್ಸು ಸಮಾಧಾನ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸಾಲ ಮಾಡಿ ಇಂಥ ಗಾಡಿ ಕಟ್ಟಿಸುವುದನ್ನಂತೂ ಖಂಡಿತ ಒಪ್ಪುವುದಿಲ್ಲ. ಪರ್ಸನಲ್ ಲೋನಿನ ಬಡ್ಡಿ ಕಟ್ಟುತ್ತಾ ಬೆಟ್ಟದ ದಾರಿಯಲ್ಲಿ ನೆಮ್ಮದಿ ಇರುವುದಿಲ್ಲ.

ವಿಮೆ ಬಗ್ಗೆ ಎರಡು ಮಾತು. 1000ದಿಂದ 1500 ಸಿಸಿ ಖಾಸಗಿ ಕಾರಿನ ಥರ್ಡ್ ಪಾರ್ಟಿ ಕಂತು 3,416 ರೂಪಾಯಿ, ಜಿಎಸ್‌ಟಿ ಸೇರಿ ನಾಲ್ಕು ಸಾವಿರ ದಾಟುತ್ತದೆ. ಗಾಡಿಯ ಚಾಲಕ ಮಾಲೀಕರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನು ಬಿಡಬೇಡಿ. ಜೋಡಿಸಿದ್ದು ಏನೇ ಇರಲಿ, ಕಂಪನಿಗೆ ಬರೆದು ತಿಳಿಸಿ ಪಾಲಿಸಿಯಲ್ಲಿ ನಮೂದಿಸಿಕೊಳ್ಳಿ. ಮುಚ್ಚಿಟ್ಟ ಬದಲಾವಣೆ ಕ್ಲೇಮ್ ದಿನ ಹೊರಗೆ ಬರುತ್ತದೆ.

ಎಲ್ಲಿ ಓಡಿಸುತ್ತೇವೆ ಎಂಬುದೂ ಹಣದ ಪ್ರಶ್ನೆಯೇ. ಅಂತರಗಂಗೆ ಮತ್ತು ಶತಶೃಂಗ ಬೆಟ್ಟಸಾಲಿನ ಮೇಲೆ ಹಳ್ಳಿಗಳಿವೆ, ಅಲ್ಲಿಗೆ ರಸ್ತೆಯೂ ಇದೆ. ಆ ರಸ್ತೆ ಬಿಟ್ಟು ಮೀಸಲು ಅರಣ್ಯಕ್ಕೆ ಗಾಡಿ ನುಗ್ಗಿಸಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಮಾವಿನ ತೋಪಿನಲ್ಲಿ ಹೂ ಬಿಟ್ಟ ತಿಂಗಳುಗಳಲ್ಲಿ ಧೂಳೆಬ್ಬಿಸಿದರೆ ರೈತರ ವರ್ಷದ ದುಡಿಮೆಗೆ ತೊಂದರೆ. ಕೇಳಿ ಹೋದವರಿಗೆ ಈ ಕಡೆಯ ಜನ ಇಲ್ಲ ಎಂದದ್ದನ್ನು ನಾನು ಕಂಡಿಲ್ಲ. ಎಷ್ಟೋ ಕಡೆ ದಾರಿ ತೋರಿಸಲು ಗಾಡಿ ಹತ್ತಿ ಕೂತಿದ್ದಾರೆ.

ತಿಂಗಳಿಗೆ ನಾಲ್ಕು ಸಾವಿರದ ಆರ್‌ಡಿ ಈ ಗಾಡಿಗೆಂದೇ ಇದೆ. ಆಯಿಲ್, ಟೈರು, ವಿಮೆಗಾಗಿ ವರ್ಷವರ್ಷ ಕೈಗೆ ಬರುವ ಹಣವನ್ನು ಸಂಬಳದಿಂದ ಬೇರೆಯಾಗಿಯೇ ಬಳಸುತ್ತೇನೆ. ಪಾಸ್‌ಬುಕ್‌ನಲ್ಲಿ ಎಷ್ಟಿದೆಯೋ ಅಷ್ಟೇ ರಿಪೇರಿ. ನನ್ನ ಆರ್‌ಸಿಯ ಮುಂದಿನ ನವೀಕರಣ 2028ಕ್ಕೆ. ಹದಿನೈದು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತ್ತು. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಗಾಡಿಗೆ 10,000. ಅದರ ಜೊತೆ ಟಿಂಕರಿಂಗ್, ಬ್ರೇಕು, ಒಂದು ಕೈ ಬಣ್ಣ ಸೇರಿಸಿ ನಲವತ್ತು ಸಾವಿರ ಎತ್ತಿಟ್ಟಿದ್ದೇನೆ. ಆಗ ಚಾಸಿ ಗಟ್ಟಿಯಿದ್ದರೆ ಇನ್ನೈದು ವರ್ಷ ಇಟ್ಟುಕೊಳ್ಳುತ್ತೇನೆ; ವೆಲ್ಡಿಂಗ್ ಕೇಳಿದರೆ ಟೈರು, ಶಾಕ್ ಅಬ್ಸಾರ್ಬರ್ ಬಿಚ್ಚಿಟ್ಟುಕೊಂಡು ಮಾರುತ್ತೇನೆ.