ಕೋಟೆಯ ಮೇಲೊಂದು ಚಿನ್ನದ ಡ್ರ್ಯಾಗನ್

ಕೋಟೆ, ಕುದುರೆಯೇರಿದ ವೀರ, ಬೆಂಕಿಯುಗುಳುವ ಡ್ರ್ಯಾಗನ್ ಇರುವ ರೇಖಾಚಿತ್ರವನ್ನು ಮಗುವಿನ ಮುಂದಿಟ್ಟ ಕೂಡಲೇ ದೊಡ್ಡವರ ಬಾಯಲ್ಲಿ ಬರುವ ಮೊದಲ ಮಾತು ‘ಗೆರೆ ದಾಟಬೇಡ’. ಅದರ ಹಿಂದೆಯೇ ‘ಗೋಡೆಗೆ ಬೂದು ಹಚ್ಚು, ಡ್ರ್ಯಾಗನ್‌ಗೆ ಹಸಿರು ಹಚ್ಚು’. ಮಕ್ಕಳ ಜೊತೆ ಮೊದಲ ಸಲ ಬಣ್ಣ ಹಚ್ಚಲು ಕೂರುತ್ತಿರುವವರಲ್ಲಿ ನನ್ನದೊಂದು ವಿನಂತಿ: ಈ ಎರಡನ್ನೂ ಹೇಳಬೇಡಿ. ಯಾವ ಬಣ್ಣ ಎನ್ನುವುದು ಮಗುವಿಗೆ ಬಿಟ್ಟದ್ದು. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದನ್ನಷ್ಟೇ ನಾವು ತೋರಿಸಿಕೊಟ್ಟರೆ ಸಾಕು.

ಮಧ್ಯಯುಗದ ಯುರೋಪಿನ ಕುಶಲಕರ್ಮಿಗಳೂ ಕಣ್ಣಿಗೆ ಕಂಡ ಬಣ್ಣಕ್ಕೇ ಅಂಟಿಕೊಂಡವರಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಹೇಳುವ ಬಾಯೊ ಕಸೂತಿ ಸುಮಾರು 70 ಮೀಟರ್ ಉದ್ದವಿದೆ. ಲಿನನ್ ಬಟ್ಟೆಯ ಮೇಲೆ ಬಣ್ಣದ ಉಣ್ಣೆ ನೂಲಿನ ಕೆಲಸ. ಅದರಲ್ಲಿ ನೀಲಿ ಕುದುರೆಗಳಿವೆ! ಎಷ್ಟೋ ಕಡೆ ಕುದುರೆಯ ಈಚೆಯ ಕಾಲುಗಳಿಗೆ ಒಂದು ಬಣ್ಣ, ಆಚೆಯ ಕಾಲುಗಳಿಗೆ ಇನ್ನೊಂದು. ಹಾಗೆ ಮಾಡಿದ್ದರಿಂದ ನಾಲ್ಕೂ ಕಾಲು ಬಿಡಿಬಿಡಿಯಾಗಿ ಕಾಣುತ್ತವೆ. ಕೋಟೆ ಎಂದರೆ ಬೂದು ಕಲ್ಲೇ ಆಗಬೇಕೆಂದೂ ಇಲ್ಲ. ಲಂಡನ್ನಿನ ಕೋಟೆಯ ದೊಡ್ಡ ಗೋಪುರಕ್ಕೆ ಮೂರನೆಯ ಹೆನ್ರಿ ದೊರೆ 1240ರಲ್ಲಿ ಸುಣ್ಣ ಬಳಿಸಿದ. ಅದನ್ನು ಇಂದಿಗೂ ವೈಟ್ ಟವರ್ ಎಂದೇ ಕರೆಯುತ್ತಾರೆ.

ನನಗೆ ಬಹಳ ಪ್ರಿಯವಾದ ಮಾದರಿ ಇನ್ನೊಂದಿದೆ. ಫ್ರಾನ್ಸಿನ ಬೆರಿ ಪ್ರಾಂತ್ಯದ ಡ್ಯೂಕ್‌ಗಾಗಿ ಲಿಂಬುರ್ಗ್ ಸೋದರರು ಮೂವರು 1412ರ ಸುಮಾರಿಗೆ ಒಂದು ಪ್ರಾರ್ಥನಾ ಪುಸ್ತಕಕ್ಕೆ ಚಿತ್ರ ಬರೆಯತೊಡಗಿದರು. ಪುಸ್ತಕ ಮುಗಿಯುವ ಮೊದಲೇ, 1416ರಲ್ಲಿ, ಮೂವರು ಸೋದರರೂ ಡ್ಯೂಕನೂ ತೀರಿಕೊಂಡರು. ಅದರ ಮಾರ್ಚ್ ತಿಂಗಳ ಪುಟವನ್ನು ಮಕ್ಕಳಿಗೆ ತೋರಿಸಿ. ಮುಂದೆ ಎರಡು ಎತ್ತು ಕಟ್ಟಿ ರೈತ ಹೊಲ ಉಳುತ್ತಿದ್ದಾನೆ. ಅವನ ಆಚೆ ದ್ರಾಕ್ಷಿತೋಟ, ಕುರಿಗಳು. ಹಿಂದೆ ಲುಸಿನ್ಯಾನ್ ಕೋಟೆ, ಅದರ ಗೋಪುರದ ಮೇಲೆ ಹಾರುತ್ತಿರುವ ಪುಟ್ಟ ಚಿನ್ನದ ಡ್ರ್ಯಾಗನ್. ಅವಳು ಮೆಲುಸೀನ್, ಕೋಟೆಯನ್ನು ಕಟ್ಟಿಸಿದಳೆಂದು ಕಥೆ ಹೇಳುವ ಯಕ್ಷಿಣಿ. ಶನಿವಾರಗಳಂದು ಅವಳ ಸೊಂಟದ ಕೆಳಭಾಗ ಹಾವಾಗುತ್ತಿತ್ತು. ಆ ದಿನ ತನ್ನನ್ನು ನೋಡಕೂಡದೆಂದು ಗಂಡನಿಂದ ಮಾತು ಪಡೆದಿದ್ದಳು. ಅವನು ಮಾತು ಮುರಿದ. ಗುಟ್ಟು ರಟ್ಟಾದಾಗ ಅವಳು ಡ್ರ್ಯಾಗನ್ ರೂಪ ತಾಳಿ ಹಾರಿಹೋದಳು. ಪೆನ್ಸಿಲ್ ಕೈಗೆ ಕೊಡುವ ಮೊದಲು ಈ ಕಥೆ ಹೇಳಿ. ಕಥೆ ಕೇಳಿದ ಮಗು ಡ್ರ್ಯಾಗನ್‌ಗೆ ಬಣ್ಣ ಆರಿಸುವಾಗ ಯೋಚಿಸುತ್ತದೆ: ಅವಳಿಗೆ ಸಿಟ್ಟೇ, ದುಃಖವೇ?

ಈಗ ಕೆಲಸಕ್ಕೆ ಕೂರೋಣ. ಸಾಮಾನ್ಯ ಬಣ್ಣದ ಪೆನ್ಸಿಲ್ ಸಾಕು. ಸ್ಕೆಚ್ ಪೆನ್ ಬೇಡ, ಅದರಲ್ಲಿ ತೆಳು-ಗಾಢ ಮಾಡಲು ಬರುವುದಿಲ್ಲ. ಚಿನ್ನದ ಡ್ರ್ಯಾಗನ್ ಬೇಕೆಂದರೆ ಮೊದಲು ಅದಕ್ಕೆ ಹಳದಿ ಹಚ್ಚಿಸಿ, ಆಮೇಲೆ ಸುತ್ತಲಿನ ಆಕಾಶ. ಪೆನ್ಸಿಲ್ ಬಣ್ಣ ಅಡಿಯ ಬಣ್ಣವನ್ನು ಮುಚ್ಚುವುದಿಲ್ಲ. ನೀಲಿಯ ಮೇಲೆ ಹಳದಿ ತಿಕ್ಕಿದರೆ ಹಸಿರಾಗುತ್ತದೆ. ಆಕಾಶಕ್ಕೆ ಪೆನ್ಸಿಲ್ಲನ್ನು ಓರೆಯಾಗಿ, ತುದಿಯಿಂದ ದೂರದಲ್ಲಿ ಹಿಡಿಯಲು ಹೇಳಿಕೊಡಿ. ಇಡೀ ಆಕಾಶಕ್ಕೆ ಒಂದು ತೆಳು ಪದರ. ಮೇಲಿನ ಅರ್ಧಕ್ಕೆ ಇನ್ನೊಂದು. ತೀರ ಮೇಲಿನ ಅಂಚಿಗೆ ಮತ್ತೊಂದು. ಮೇಲೆ ಗಾಢವಾಗಿ, ನೆಲದ ಹತ್ತಿರ ತಿಳಿಯಾಗುವ ನೀಲಿ ಸಿಗುತ್ತದೆ. ಲಿಂಬುರ್ಗ್ ಸೋದರರ ಆಕಾಶವೂ ಹೀಗೆಯೇ ಇದೆ. ಪುಟ್ಟ ಮಕ್ಕಳ ಕೈ ಬೇಗ ನೋಯುತ್ತದೆ. ಅರ್ಧ ಆಕಾಶಕ್ಕೇ ಸಾಕೆಂದರೆ ಅಲ್ಲಿಗೇ ನಿಲ್ಲಿಸಿ, ಉಳಿದದ್ದು ನಾಳೆಗಿರಲಿ.

ದೂರದ ಗುಡ್ಡಕ್ಕೆ ಹಗುರ ಕೈ, ಹತ್ತಿರದ ಹೊಲಕ್ಕೆ ಒತ್ತಿದ ಕೈ. ಬೆಂಕಿಗೆ ಮೊದಲು ಹಳದಿ, ಅದರ ಮೇಲೆ ಕಿತ್ತಳೆ, ಅಂಚಿಗೆ ಕೆಂಪು. ಕಪ್ಪು ಎಲ್ಲಕ್ಕಿಂತ ಕೊನೆಗೆ, ಅದು ಕೈಗಂಟಿ ಉಳಿದೆಲ್ಲ ಬಣ್ಣಕ್ಕೂ ಮೆತ್ತಿಕೊಳ್ಳುತ್ತದೆ. ಅಂಗೈ ಕೆಳಗೆ ಒಂದು ರದ್ದಿ ಕಾಗದ ಇರಲಿ.

ವೀರನ ಗುರಾಣಿಯನ್ನು ಬೇರೆಯೇ ಒಂದು ದಿನಕ್ಕೆ ಇಟ್ಟುಕೊಳ್ಳಿ. ಶಿರಸ್ತ್ರಾಣ ಮುಖ ಮುಚ್ಚಿದಾಗ ದೂರದಿಂದ ಗುರುತು ಹಿಡಿಯಲು ಗುರಾಣಿಯ ಲಾಂಛನವೇ ನೆರವು. ಅದಕ್ಕೊಂದು ನಿಯಮವಿತ್ತು. ಚಿನ್ನ ಮತ್ತು ಬೆಳ್ಳಿ, ಅಂದರೆ ಹಳದಿ ಮತ್ತು ಬಿಳಿ, ಒಂದು ಗುಂಪು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇನ್ನೊಂದು ಗುಂಪು. ಒಂದೇ ಗುಂಪಿನ ಬಣ್ಣದ ಮೇಲೆ ಅದೇ ಗುಂಪಿನ ಬಣ್ಣ ಬರಕೂಡದು. ನೀಲಿಯ ಮೇಲೆ ಕಪ್ಪು ಸಿಂಹ ಬರೆದು ಕೋಣೆಯ ಆ ತುದಿಯಲ್ಲಿ ಹಿಡಿಯಿರಿ. ಆಮೇಲೆ ಹಳದಿ ಸಿಂಹ ಬರೆದು ಹಿಡಿಯಿರಿ. ನಿಯಮ ಯಾಕಿತ್ತೆಂದು ಮಕ್ಕಳೇ ಹೇಳುತ್ತಾರೆ. ನಮ್ಮ ಹಳದಿ-ಕೆಂಪು ಕನ್ನಡ ಬಾವುಟ ದೂರಕ್ಕೂ ಎದ್ದು ಕಾಣುವುದನ್ನು ಆಗ ನೆನಪಿಸಬಹುದು. ಲಾಂಛನ ಸಿಂಹವೇ ಆಗಬೇಕಿಲ್ಲ, ಮನೆಯ ಬೆಕ್ಕೂ ಆದೀತು.

ಕೊನೆಯದಾಗಿ, ಮಗುವಿನ ಹಾಳೆಯ ಮೇಲೆ ನೀವು ಪೆನ್ಸಿಲ್ ಆಡಿಸಬೇಡಿ, ತಿದ್ದುವುದಕ್ಕೂ ಬೇಡ. ಪಕ್ಕದಲ್ಲಿ ಅದೇ ಚಿತ್ರದ ನಿಮ್ಮದೊಂದು ಹಾಳೆ ಇರಲಿ. ಪದರ ಹಚ್ಚುವುದನ್ನು ಅದರಲ್ಲಿ ಮಾಡಿ ತೋರಿಸಿ, ಮಾಡುತ್ತಾ ‘ನಾನೀಗ ಹಗುರವಾಗಿ ಹಿಡಿದಿದ್ದೇನೆ’ ಎಂದು ಜೋರಾಗಿಯೇ ಹೇಳಿಕೊಳ್ಳಿ. ಬೇಕಾದದ್ದನ್ನು ಮಗು ಅಲ್ಲಿಂದ ತೆಗೆದುಕೊಳ್ಳುತ್ತದೆ.